ಚಾಮಯ್ಯ ಮೇಷ್ಟರ ಮನಸ್ಸಿನಲ್ಲಿ ಏನಿತ್ತು?

ಚಿತ್ರವೊಂದರ ನಾಯಕನ ಹೆಸರು ಜನರ ನಾಲಿಗೆಯ ಮೇಲೆ ನಿಲ್ಲುವುದು ಸಹಜ. ಪೋಷಕ ಪಾತ್ರವೊಂದು ಅದನ್ನು ಅಭಿನಯಿಸಿದ ನಟನ ಸ್ವಂತ ಹೆಸರನ್ನೇ ಹಿಂದಕ್ಕೆ ಸರಿಸಿ, ಒಂದು ವೃತ್ತಿಗೇ ಪರ್ಯಾಯ ಪದವಾಗಿ ಉಳಿಯುವುದು ಅಪರೂಪ. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟರು ಅಂಥ ಅಪರೂಪದ ಪಾತ್ರ. ಕರ್ನಾಟಕದಲ್ಲಿ ಒಬ್ಬ ಒಳ್ಳೆಯ ಶಿಕ್ಷಕನನ್ನು ಹೊಗಳಬೇಕಾದರೆ ಈಗಲೂ ‘ಚಾಮಯ್ಯ ಮೇಷ್ಟರಂಥವರು’ ಎಂದರೆ ಸಾಕು, ಮತ್ತೇನೂ ವಿವರಿಸಬೇಕಾಗಿಲ್ಲ. ಕೆ.ಎಸ್. ಅಶ್ವಥ್ ಅವರು 2010ರ ಜನವರಿ 18ರಂದು ನಿಧನರಾದಾಗ ನಾಡು ಕಳೆದುಕೊಂಡದ್ದು ಒಬ್ಬ ನಟನನ್ನು ಮಾತ್ರವಲ್ಲ, ಒಬ್ಬ ಮೇಷ್ಟರನ್ನು ಎಂಬ ಭಾವನೆಯೇ ಹೆಚ್ಚಾಗಿ ವ್ಯಕ್ತವಾಗಿತ್ತು.

ಆದರೆ ಭಾವನೆಯನ್ನು ಕ್ಷಣಕಾಲ ಬದಿಗಿಟ್ಟು ಚಿತ್ರದ ಕಥೆಯ ಲೆಕ್ಕವನ್ನು ತೆಗೆದು ನೋಡಿದರೆ ಚಿತ್ರಣ ಬೇರೆಯೇ ಆಗಿ ಕಾಣುತ್ತದೆ. ಮೇಷ್ಟರ ಮಾತಿಗೆ ಕಟ್ಟುಬಿದ್ದು ಶಿಷ್ಯ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಡಲ್ಪಟ್ಟ ಅಲಮೇಲು ಕೆಟ್ಟ ಮದುವೆಯಲ್ಲಿ ಸಿಲುಕಿ ವೇಶ್ಯಾವೃತ್ತಿಗೆ ದೂಡಲ್ಪಟ್ಟಳು. ಅದೇ ಮೇಷ್ಟರು ಎರಡನೆಯ ಬಾರಿಯೂ ಅಡ್ಡ ನಿಂತರು. ಈ ಸಲ ಮೇಷ್ಟರು, ಶಿಷ್ಯ, ಮಾರ್ಗರೆಟ್ ಮೂವರೂ ಬೆಟ್ಟದ ಕೆಳಗೆ ಹೆಣವಾದರು. ಇಷ್ಟೆಲ್ಲ ಆದಮೇಲೂ ಪ್ರೇಕ್ಷಕ ಚಿತ್ರಮಂದಿರದಿಂದ ಹೊರಬರುವಾಗ ಮೇಷ್ಟರಿಗಾಗಿ ಕಣ್ಣೊರೆಸಿಕೊಳ್ಳುತ್ತಾನೆಯೇ ಹೊರತು ಅವರ ಮೇಲೆ ಸಿಟ್ಟಾಗುವುದಿಲ್ಲ. ಇದು ಹೇಗೆ ಸಾಧ್ಯವಾಯಿತು? ಮೇಷ್ಟರ ನಡೆಯ ಹಿಂದೆ ನಿಜವಾಗಿ ಇದ್ದ ಉದ್ದೇಶವೇನು? ಚಿತ್ರ ಅದನ್ನು ಬಚ್ಚಿಟ್ಟಿತೇ, ಅಥವಾ ಆ ಪಾತ್ರಕ್ಕೆ ನಡೆದ ನಟನ ಆಯ್ಕೆಯೇ ಅದನ್ನು ಕಾಣದಂತೆ ಮಾಡಿತೇ?

ಎಸ್.ಆರ್. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿ, ಎನ್. ವೀರಾಸ್ವಾಮಿ ನಿರ್ಮಿಸಿದ ‘ನಾಗರಹಾವು’ 1972ರ ಡಿಸೆಂಬರ್ ಕೊನೆಯ ವಾರದಲ್ಲಿ ತೆರೆಕಂಡಿತು. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕಥೆಗೆ ಇಳಿಸಲಾಗಿತ್ತು. ಅದುವರೆಗೆ ‘ವಂಶವೃಕ್ಷ’ದಲ್ಲಿ ಸಣ್ಣದೊಂದು ಪಾತ್ರದಲ್ಲಿ ಕಾಣಿಸಿಕೊಂಡಿದ್ದ ಸಂಪತ್‌ಕುಮಾರ್ ಎಂಬ ಯುವಕ ಈ ಚಿತ್ರದಿಂದ ವಿಷ್ಣುವರ್ಧನ್ ಆದರು. ಜಲೀಲನ ಪಾತ್ರದಲ್ಲಿ ಅಂಬರೀಶ್ ಮೊದಲ ಬಾರಿಗೆ ಗಮನ ಸೆಳೆದರು. ಆರತಿ ಅಲಮೇಲುವಾಗಿ, ಶುಭಾ ಮಾರ್ಗರೆಟ್ ಆಗಿ, ಶಿವರಾಂ ಅಲಮೇಲುವಿನ ಅಣ್ಣ ವರದನಾಗಿ ಅಭಿನಯಿಸಿದ್ದರು. ಚಿತ್ರದುರ್ಗದ ಕಲ್ಲುಬಂಡೆಗಳ ನಡುವೆ ನಡೆಯುವ ಈ ಕಥೆಯನ್ನು ಕನ್ನಡದ ಓದುಗರಿಗೆ ಮತ್ತೆ ಆದ್ಯಂತ ಹೇಳಬೇಕಾಗಿಲ್ಲ. ಮೇಷ್ಟರಿಗೆ ಸಂಬಂಧಿಸಿದ ಎಳೆಯನ್ನಷ್ಟೇ ನೆನಪಿಸಿಕೊಂಡರೆ ಸಾಕು.

ರಾಮಾಚಾರಿ ಊರಿಗೇ ಬೇಡವಾದ ಹುಡುಗ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು ಕಾಲೇಜಿನಿಂದ ಅಮಾನತಾಗುತ್ತಾನೆ. ಅದರ ಸೇಡಿಗೆ ರಾತ್ರಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿ, ಅವರ ಪಂಚೆಯನ್ನು ಎಳೆದುಹಾಕಿ ಓಡಿಹೋಗುತ್ತಾನೆ. ತಂದೆಯ ಮಾತು ಅವನ ಕಿವಿಗೆ ಬೀಳುವುದಿಲ್ಲ. ಅವನು ತಲೆಬಾಗುವುದು ಒಬ್ಬರಿಗೆ ಮಾತ್ರ, ತನಗೆ ಬಾಲ್ಯದಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟರಿಗೆ. ಮೇಷ್ಟರಿಗೂ ಅವರ ಪತ್ನಿ ತುಂಗಮ್ಮನಿಗೂ ಮಕ್ಕಳಿಲ್ಲ. ರಾಮಾಚಾರಿಯೇ ಅವರಿಗೆ ಮಗ.

ಮುಂದೆ ವರದ ಬಂದು, ತನ್ನ ತಂಗಿಯನ್ನು ಜಲೀಲ ಪೀಡಿಸುತ್ತಿದ್ದಾನೆಂದೂ, ಅವನನ್ನು ಹದ್ದುಬಸ್ತಿನಲ್ಲಿಡಬೇಕೆಂದೂ ರಾಮಾಚಾರಿಯನ್ನು ಕೇಳಿಕೊಳ್ಳುತ್ತಾನೆ. ರಾಮಾಚಾರಿ ಜಲೀಲನನ್ನು ಹೊಡೆದು ಓಡಿಸುತ್ತಾನೆ. ಅಲಮೇಲುವಿಗೆ ಮನಸೋಲುತ್ತಾನೆ, ಅವಳೂ ಒಲಿಯುತ್ತಾಳೆ. ಕೆಲಸವಾದ ಮೇಲೆ ವರದ ಕೊಟ್ಟ ಮಾತಿಗೆ ತಪ್ಪುತ್ತಾನೆ, ಮನೆಯವರು ಬೇರೆ ಗಂಡನ್ನು ನಿಶ್ಚಯಿಸುತ್ತಾರೆ. ಹಟಮಾರಿ ಹುಡುಗ ಸುಮ್ಮನಿರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆಗ ಚಾಮಯ್ಯ ಮೇಷ್ಟರು ಮಧ್ಯೆ ಬಂದು, ಪ್ರೀತಿಯನ್ನು ತ್ಯಾಗ ಮಾಡುವಂತೆ ಅವನನ್ನು ಒಪ್ಪಿಸುತ್ತಾರೆ.

ಹಾವಾಡಿಗನಿಲ್ಲದ ಹಾವಿನ ಕಥೆ ಇಲ್ಲ

ಚಿತ್ರದ ಶೀರ್ಷಿಕೆ ರಾಮಾಚಾರಿಯ ಕಡೆಗೇ ಬೊಟ್ಟು ಮಾಡುತ್ತದೆ. ಕೆಣಕಿದರೆ ಹೆಡೆಯೆತ್ತುವ, ದ್ವೇಷ ಮರೆಯದ ಹುಡುಗ ಅವನು. ಆದರೆ ಊರೊಳಗೆ ನಾಗರಹಾವು ಬಂದರೆ ಜನ ಕರೆಯುವುದು ಹಾವಾಡಿಗನನ್ನು. ಈ ಊರು ಕರೆದದ್ದು ಚಾಮಯ್ಯ ಮೇಷ್ಟರನ್ನು. ಪ್ರಿನ್ಸಿಪಾಲರ ದಂಡನೆಗೆ ಬಗ್ಗದವನು, ಜಲೀಲನ ರೌಡಿತನಕ್ಕೆ ಬಗ್ಗದವನು, ಹೆತ್ತವರ ಬೈಗುಳಕ್ಕೆ ಬಗ್ಗದವನು ಮೇಷ್ಟರ ಮೆಲುದನಿಗೆ ಮಾತ್ರ ಬಗ್ಗುತ್ತಾನೆಂಬುದು ಊರಿಗೆ ತಿಳಿದಿತ್ತು. ಮೇಷ್ಟರಿಗೂ ತಿಳಿದಿತ್ತು. ಇಲ್ಲಿಂದಲೇ ಪ್ರಶ್ನೆ ಆರಂಭವಾಗುತ್ತದೆ.

ಮೇಷ್ಟರು ಶಿಷ್ಯನ ಮುಂದೆ ಇಡುವುದು ತ್ಯಾಗದ ಮಾತನ್ನು. ತ್ಯಾಗ ದೊಡ್ಡದು, ಅದರಿಂದ ಮನುಷ್ಯ ದೊಡ್ಡವನಾಗುತ್ತಾನೆ ಎಂಬುದು ಅವರ ನಿಲುವು. ಇದನ್ನು ಅವರು ಕಪಟದಿಂದ ಹೇಳಿದರೆಂದು ಯಾರೂ ಆರೋಪಿಸಲಾರರು. ಆದರೆ ಮಾತು ತಪ್ಪಿದವನು ವರದ. ಅವನ ಮನೆಗೆ ಹೋಗಿ, ‘ಹುಡುಗನಿಂದ ಕೆಲಸ ಮಾಡಿಸಿಕೊಂಡು ಈಗ ಕೈಬಿಡುವುದು ನ್ಯಾಯವೇ’ ಎಂದು ವಾದ ಹೂಡುವುದಕ್ಕೆ ಮೇಷ್ಟರಿಗಿಂತ ಯೋಗ್ಯರು ಊರಿನಲ್ಲಿ ಬೇರೆ ಯಾರಿದ್ದರು? ಅವರ ಬುದ್ಧಿವಾದದ ಭಾರವೆಲ್ಲ ಬಿದ್ದದ್ದು ಮಾತು ತಪ್ಪಿದವನ ಮೇಲಲ್ಲ, ಮಾತನ್ನು ನಂಬಿದವನ ಮೇಲೆ. ಬಗ್ಗದವರನ್ನು ಬಿಟ್ಟು ಬಗ್ಗುವವನನ್ನು ಬಗ್ಗಿಸುವುದು ಸುಲಭ. ಅದು ಜಾಣತನವಿರಬಹುದು, ನ್ಯಾಯವಂತೂ ಅಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮೇಷ್ಟರು ಕೇಳಿದ ತ್ಯಾಗ ರಾಮಾಚಾರಿಯೊಬ್ಬನದಾಗಿರಲಿಲ್ಲ. ಅಲಮೇಲುವಿನ ಬಾಳನ್ನೂ ಅದರ ಜೊತೆಗೇ ದಾನ ಮಾಡಿಸಲಾಯಿತು. ಅವಳ ಒಪ್ಪಿಗೆ ಯಾರಿಗೂ ಮುಖ್ಯವೆನಿಸಲಿಲ್ಲ. ಕಥೆಯ ಮುಂದಿನ ಭಾಗದಲ್ಲಿ ರಾಮಾಚಾರಿ ದೊಡ್ಡ ಹೋಟೆಲೊಂದರಲ್ಲಿ ಅವಳನ್ನು ಅನಿರೀಕ್ಷಿತವಾಗಿ ಕಾಣುತ್ತಾನೆ. ಅಲ್ಲಿ ಅವಳೇ ತನ್ನ ಕಥೆಯನ್ನು ಹಾಡಿನಲ್ಲಿ ಹೇಳುವವರೆಗೆ, ತ್ಯಾಗದ ಬೆಲೆ ತೆತ್ತವರು ಯಾರು ಎಂಬುದು ಪ್ರೇಕ್ಷಕನ ಮನಸ್ಸಿಗೂ ಬರುವುದಿಲ್ಲ. ಚಿತ್ರದ ನಿಜವಾದ ಪೆಟ್ಟು ಇರುವುದು ಈ ದೃಶ್ಯದಲ್ಲಿ. ಬೆಟ್ಟದ ತುದಿಯ ಕ್ಲೈಮ್ಯಾಕ್ಸ್‌ಗೆ ಸಿಗುವ ಮನ್ನಣೆಯ ಅರ್ಧದಷ್ಟೂ ಇದಕ್ಕೆ ಸಿಗುವುದಿಲ್ಲವೆಂಬುದು ಬೇರೆ ಮಾತು.

ಹಾಗಾದರೆ ಮೇಷ್ಟರ ಉದ್ದೇಶವೇನು? ಅವರು ಊರಿನ ಸಂಪ್ರದಾಯಕ್ಕೆ ಹೆದರಿದರು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಅದರಲ್ಲಿ ಹುರುಳಿದೆ, ಆದರೆ ಅದಷ್ಟೇ ಸಾಲದು. ಏಕೆಂದರೆ ಊರೇ ದೂರವಿಟ್ಟ ಹುಡುಗನನ್ನು ಮನೆಯೊಳಗೆ ಬಿಟ್ಟುಕೊಂಡು ಊಟವಿಕ್ಕಿದ ಮನುಷ್ಯ ಅವರು. ಊರಿನ ಮಾತಿಗೆ ಅಂಜುವವರೇ ಆಗಿದ್ದರೆ ಅಷ್ಟನ್ನೂ ಮಾಡುತ್ತಿರಲಿಲ್ಲ. ಉಳಿದ ಭಾಗವನ್ನು ಹುಡುಕಬೇಕಾದದ್ದು ಅವರ ಮನೆಯೊಳಗೆ.

ರಾಮಾಚಾರಿಗೆ ಹೆತ್ತ ತಂದೆ ತಾಯಿ ಇದ್ದಾರೆ. ಮಗ ಮಾತು ಕೇಳದಿದ್ದರೂ ತಂದೆಯ ತಂದೆತನಕ್ಕೆ ಕುಂದು ಬರುವುದಿಲ್ಲ. ಅದು ರಕ್ತದಿಂದ ಬಂದದ್ದು. ಮೇಷ್ಟರಿಗೆ ಆ ಆಧಾರವಿಲ್ಲ. ಅವನು ತಮ್ಮ ಮಗನೆಂಬುದಕ್ಕೆ ಇರುವ ಸಾಕ್ಷಿ ಒಂದೇ: ಅವನು ತಮ್ಮ ಮಾತನ್ನು ಮಾತ್ರ ಕೇಳುತ್ತಾನೆ ಎಂಬುದು. ಆ ಸಾಕ್ಷಿ ಆಗಾಗ ಸಿಗುತ್ತಿದ್ದರೆ ಮಾತ್ರ ಸಂಬಂಧ ನಿಲ್ಲುತ್ತದೆ. ಮಕ್ಕಳಿಲ್ಲದ ಗುರುವಿನ ಪ್ರೀತಿಯಲ್ಲಿ ಅಡಗಿದ ಈ ಹಸಿವನ್ನು ಚಿತ್ರ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮೇಷ್ಟರ ಪ್ರತಿ ಕೋರಿಕೆಯೂ ಕಡೆಗೆ ‘ನಾನು ಹೇಳುತ್ತಿದ್ದೇನೆ, ಅದಕ್ಕಾಗಿ ಮಾಡು’ ಎಂಬಲ್ಲಿಗೇ ಬಂದು ಮುಟ್ಟುತ್ತದೆ. ತುಂಗಮ್ಮನ ಪ್ರೀತಿಗೂ ಮೇಷ್ಟರ ಪ್ರೀತಿಗೂ ಇರುವ ವ್ಯತ್ಯಾಸ ಇದೇ. ಅವರು ಹುಡುಗನ ಹೊಟ್ಟೆ ತುಂಬಿತೇ ಎಂದು ನೋಡುತ್ತಾರೆ. ಇವರು ಮಾತು ನಡೆಯಿತೇ ಎಂದು ನೋಡುತ್ತಾರೆ. ‘ರಾಣಿ ಹೊನ್ನಮ್ಮ’ನಂಥ ಚಿತ್ರಗಳಲ್ಲಿ ನಾಯಕಿಯಾಗಿ ಮೆರೆದಿದ್ದ ಲೀಲಾವತಿಯವರನ್ನು ಈ ಪಾತ್ರಕ್ಕೆ ಆರಿಸಿಕೊಂಡದ್ದು ಸಾರ್ಥಕವಾಗಿದೆ. ಮಾತು ಕಡಿಮೆಯಿದ್ದರೂ ಆ ಮನೆಗೆ ಬೆಚ್ಚನೆಯ ಭಾವ ಬಂದದ್ದು ಅವರಿಂದ.

ಅಶ್ವಥ್ ಎಂಬ ಜಾಮೀನು

ಇಷ್ಟೆಲ್ಲ ಅನುಮಾನಗಳಿಗೆ ಎಡೆಯಿದ್ದರೂ ಚಿತ್ರ ನೋಡುವಾಗ ಒಂದೂ ಏಕೆ ಏಳುವುದಿಲ್ಲ? ಉತ್ತರ ಕೆ.ಎಸ್. ಅಶ್ವಥ್.

ಮೈಸೂರಿನವರಾದ ಅಶ್ವಥ್ ಹುಟ್ಟಿದ್ದು 1925ರಲ್ಲಿ. ‘ನಾಗರಹಾವು’ ತೆರೆಕಾಣುವಾಗ ಅವರಿಗೆ 47 ವರ್ಷ. ತೆರೆಯ ಮೇಲಿನ ಮೇಷ್ಟರು ಅದಕ್ಕಿಂತ ಹಿರಿಯರಾಗಿ ಕಾಣುತ್ತಾರೆ. ಆಕಾಶವಾಣಿ ನಾಟಕಗಳಲ್ಲಿ ಪಳಗಿದ ಧ್ವನಿ ಅವರದು. 1955ರ ‘ಸ್ತ್ರೀರತ್ನ’ದಲ್ಲಿ ನಾಯಕನಾಗಿಯೇ ಚಿತ್ರರಂಗಕ್ಕೆ ಬಂದರೂ ಬಹುಬೇಗ ಪೋಷಕ ಪಾತ್ರಗಳಿಗೆ ಸರಿದರು. ಪೌರಾಣಿಕ ಚಿತ್ರಗಳ ಕಾಲದಲ್ಲಿ ಕನ್ನಡ ಪ್ರೇಕ್ಷಕರಿಗೆ ನಾರದನೆಂದರೆ ಅಶ್ವಥ್ ಎಂಬಂತಾಗಿತ್ತು. ನಾರದನ ಕೆಲಸವೇನೆಂಬುದು ಎಲ್ಲರಿಗೂ ಗೊತ್ತು. ಅವನು ಇಬ್ಬರ ನಡುವೆ ಕಡ್ಡಿ ಆಡಿಸುತ್ತಾನೆ, ಮನೆಗಳಲ್ಲಿ ಕಲಹ ಹಚ್ಚುತ್ತಾನೆ. ಆದರೂ ಎಲ್ಲವೂ ಲೋಕಕಲ್ಯಾಣಕ್ಕೇ ಎಂಬ ಭರವಸೆ ಮೊದಲೇ ಇರುತ್ತದೆ. ಮುಗುಳುನಗುತ್ತ ಪರರ ಬದುಕಿನಲ್ಲಿ ಕೈಹಾಕುವವನನ್ನು ಕ್ಷಮಿಸುವ ಅಭ್ಯಾಸ ಪ್ರೇಕ್ಷಕರಿಗೆ ಈ ಮುಖದ ಮೂಲಕವೇ ಆಗಿಹೋಗಿತ್ತು.

ಅದಕ್ಕೆ ಒಂದು ವರ್ಷ ಮೊದಲು, 1971ರಲ್ಲಿ, ‘ಕಸ್ತೂರಿ ನಿವಾಸ’ ಬಂದಿತ್ತು. ಅದರಲ್ಲಿ ರಾಜಕುಮಾರ್ ಅವರದು ಇದ್ದುದನ್ನೆಲ್ಲ ಕೊಟ್ಟು ಬರಿಗೈಯಾಗುವ ಯಜಮಾನನ ಪಾತ್ರ. ಆ ಯಜಮಾನನ ಪಕ್ಕದಲ್ಲಿ ಕೊನೆಯವರೆಗೆ ನಿಂತು ಕಣ್ಣೀರಿಡುವ ನಿಷ್ಠಾವಂತ ಸೇವಕ ಅಶ್ವಥ್. ತ್ಯಾಗವೆಂಬ ಪದವೂ ಅಶ್ವಥ್ ಅವರ ತೇವಗೊಂಡ ಕಣ್ಣೂ ಪ್ರೇಕ್ಷಕನ ಮನಸ್ಸಿನಲ್ಲಿ ಒಟ್ಟಿಗೇ ಅಚ್ಚೊತ್ತಿದ್ದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಅದೇ ಮನುಷ್ಯ ಮೇಷ್ಟರಾಗಿ ಬಂದು ‘ತ್ಯಾಗ ಮಾಡು’ ಎಂದರೆ ಅನುಮಾನಿಸುವವರು ಯಾರು?

ಈ ಆಯ್ಕೆಯ ತೂಕ ತಿಳಿಯಬೇಕಾದರೆ ಅದೇ ಪಾತ್ರದಲ್ಲಿ ಬೇರೆ ನಟರನ್ನು ಊಹಿಸಿಕೊಳ್ಳಬೇಕು. ವಜ್ರಮುನಿ ಪುಟ್ಟಣ್ಣನವರಿಗೆ ಅಪರಿಚಿತರೇನಲ್ಲ; ಅವರದೇ ‘ಮಲ್ಲಮ್ಮನ ಪವಾಡ’ದಲ್ಲಿ 1969ರಷ್ಟು ಹಿಂದೆಯೇ ಖಳನಾಗಿದ್ದವರು. ಮೇಷ್ಟರ ಮಾತುಗಳಲ್ಲಿ ಒಂದಕ್ಷರವನ್ನೂ ಬದಲಿಸದೆ ವಜ್ರಮುನಿಯವರ ಬಾಯಲ್ಲಿ ಆಡಿಸಿದ್ದರೆ, ವರದನ ಮನೆಯವರಿಂದ ಈ ಮೇಷ್ಟರಿಗೆ ಏನು ಸಂದಾಯವಾಗಿರಬಹುದೆಂದು ಗಾಂಧಿ ಕ್ಲಾಸಿನ ಪ್ರೇಕ್ಷಕ ಲೆಕ್ಕ ಹಾಕುತ್ತಿದ್ದ. ಟಿ.ಎನ್. ಬಾಲಕೃಷ್ಣ ಆಗಿದ್ದರೆ ವಿಷಯ ಇನ್ನೂ ಸ್ವಾರಸ್ಯಕರ. ಕುತಂತ್ರಿ ಪಾತ್ರಗಳಿಗೆ ಹೆಸರಾಗಿದ್ದ ಅವರು ಅದೇ 1972ರಲ್ಲಿ ‘ಬಂಗಾರದ ಮನುಷ್ಯ’ದ ರಾಚೂಟಪ್ಪನಾಗಿ ಜನರ ಮನ ಗೆದ್ದಿದ್ದರು. ಅವರು ಮೇಷ್ಟರಾಗಿದ್ದರೆ ಪ್ರೇಕ್ಷಕ ಕಡೆಯವರೆಗೆ ನಂಬಿಯೂ ನಂಬದಂತೆ ಕುಳಿತಿರಬೇಕಾಗುತ್ತಿತ್ತು. ಕಥೆಗೆ ಅದು ಹೆಚ್ಚು ನ್ಯಾಯವಾಗುತ್ತಿತ್ತೋ ಏನೋ. ಆದರೆ ಆಗ ‘ಚಾಮಯ್ಯ ಮೇಷ್ಟರು’ ಎಂಬುದು ಮನೆಮಾತಾಗುತ್ತಿರಲಿಲ್ಲ.

ಇದು ಬರೀ ಊಹೆಯ ಆಟವಲ್ಲ. ಈ ಕಥೆ ಬೇರೆ ಭಾಷೆಗಳಿಗೆ ಹೋದಾಗ ಮೇಷ್ಟರ ಪಾತ್ರಕ್ಕೆ ಬೇರೆ ಮುಖಗಳು ನಿಜವಾಗಿಯೂ ಬಂದವು. 1974ರಲ್ಲಿ ಪುಟ್ಟಣ್ಣನವರೇ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಹೆಸರಿನಲ್ಲಿ ಇದನ್ನು ನಿರ್ದೇಶಿಸಿದರು. ರಿಷಿ ಕಪೂರ್ ನಾಯಕ. ಮೇಷ್ಟರಾಗಿ ನಟಿಸಿದವರು ಪ್ರಾಣ್. ಎರಡು ದಶಕಗಳ ಕಾಲ ಹಿಂದಿ ಚಿತ್ರರಂಗದ ಅತ್ಯಂತ ಭೀಕರ ಖಳನೆನಿಸಿದ್ದ ಪ್ರಾಣ್, 1967ರ ‘ಉಪಕಾರ್’ ಚಿತ್ರದಿಂದ ಒಳ್ಳೆಯವರ ಸಾಲಿಗೆ ಸೇರಿದ್ದರು. 1973ರ ‘ಜಂಜೀರ್’ ಬಂದಮೇಲಂತೂ ಪ್ರೇಕ್ಷಕರ ಅಚ್ಚುಮೆಚ್ಚಿನವರಾಗಿದ್ದರು. ಆದರೂ ಆ ಕಣ್ಣುಗಳಿಗೆ ಒಂದು ಹಳೆಯ ಚರಿತ್ರೆಯಿತ್ತು. ಅವು ಪ್ರೀತಿಯಿಂದ ನೋಡಿದರೂ ಹಿಂದೆ ಏನೋ ಇದೆಯೆಂಬ ಭಾವ ಉಳಿಯುತ್ತದೆ. ಹಿಂದಿಯ ಚಿತ್ರ ಗೆಲ್ಲಲಿಲ್ಲ. ಅದಕ್ಕೆ ಪ್ರಾಣ್ ಅವರೊಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ. ಕನ್ನಡದಿಂದ ಬೇರ್ಪಟ್ಟ ಆ ಕಥೆಗೆ ಉಸಿರು ಕಟ್ಟಿದಂತಾದದ್ದೂ ಕಾರಣವಿರಬಹುದು.

ತೆಲುಗಿನ ‘ಕೋಡೆನಾಗು’ ಚಿತ್ರದವರು ಇನ್ನೂ ವಿಚಿತ್ರವಾದ ದಾರಿ ಹಿಡಿದರು. ಶೋಭನ್ ಬಾಬು ನಾಯಕರಾಗಿದ್ದ ಆ ಚಿತ್ರದಲ್ಲಿ ಮೇಷ್ಟರ ಪಾತ್ರಕ್ಕೆ ನಟನನ್ನೇ ಆರಿಸಲಿಲ್ಲ. ಪ್ರಸಿದ್ಧ ನಾಟಕಕಾರ ಹಾಗೂ ಗೀತರಚನಕಾರ ಆಚಾರ್ಯ ಆತ್ರೇಯರನ್ನು ಕರೆತಂದರು. ನಟನಾಗಿ ಯಾವ ಹಿಂದಿನ ಹೊರೆಯೂ ಇಲ್ಲದ, ಆದರೆ ಪದಗಳಿಗೆ ಒಡೆಯನಾದ ವ್ಯಕ್ತಿ ಅವರು. ಗುರುವಿನ ಅಧಿಕಾರ ಇರುವುದು ಅವನ ಮಾತಿನಲ್ಲಿ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಂತೆ ತೋರುತ್ತದೆ. ಕನ್ನಡದಲ್ಲಿ ಆ ಅಧಿಕಾರ ಇದ್ದದ್ದು ಮಾತಿನಲ್ಲಿ ಅಲ್ಲ, ಮಾತಿನ ನಡುವೆ ಅಶ್ವಥ್ ಅವರ ಕಂಠ ಗದ್ಗದವಾಗುವ ಗಳಿಗೆಯಲ್ಲಿ.

ಎರಡನೆಯ ಬಾರಿ

ಅಲಮೇಲುವಿನ ವಿಷಯದಲ್ಲಿ ಮೇಷ್ಟರಿಗೆ ಅನುಮಾನದ ಲಾಭವನ್ನು ಕೊಡಬಹುದು. ಮುಂದೆ ಏನಾಗುವುದೆಂದು ಅವರಿಗೆ ಗೊತ್ತಿರಲಿಲ್ಲ. ಮನೆಯವರು ನೋಡಿದ ಗಂಡು ಒಳ್ಳೆಯವನಾಗಿರುತ್ತಾನೆಂದು ನಂಬುವುದು ಆ ಕಾಲಕ್ಕೆ ಅಸಹಜವಲ್ಲ. ಕಷ್ಟ ಬರುವುದು ಮಾರ್ಗರೆಟ್ ವಿಷಯದಲ್ಲಿ.

ಈ ಬಾರಿ ಹಿಂದಿನ ಯಾವ ಕಾರಣವೂ ಉಳಿದಿಲ್ಲ. ಗೆಳೆಯನ ಮನೆಯ ಮಾನದ ಪ್ರಶ್ನೆಯಿಲ್ಲ. ಅಲಮೇಲುವಿನ ಗತಿಯನ್ನು ರಾಮಾಚಾರಿ ಕಣ್ಣಾರೆ ಕಂಡು ಬಂದಿದ್ದಾನೆ. ತ್ಯಾಗದ ಫಲವೇನೆಂಬುದಕ್ಕೆ ಅವನ ಬಳಿ ಪ್ರತ್ಯಕ್ಷ ಪ್ರಮಾಣವಿದೆ. ಹುಡುಗಿ ಕ್ರೈಸ್ತಳೆಂಬುದನ್ನು ಬಿಟ್ಟರೆ ಬೇರೆ ತಕರಾರಿಗೆ ಬಲವಿಲ್ಲ. ಆದರೂ ಮೇಷ್ಟರು ಮತ್ತೆ ಅಡ್ಡ ನಿಲ್ಲುತ್ತಾರೆ, ಮೊದಲಿಗಿಂತ ಹೆಚ್ಚು ಬಿಗಿಯಾಗಿ.

ಅವರ ನಡೆಯ ಒಳಮರ್ಮ ತೆರೆದುಕೊಳ್ಳುವುದು ಇಲ್ಲಿಯೇ. ಈಗ ಅವರು ಮಾರ್ಗರೆಟ್ ಜೊತೆಗಿನ ಮದುವೆಗೆ ಒಪ್ಪಿದರೆ, ಅಂದು ಅಲಮೇಲುವನ್ನು ಬಿಡಿಸಿದ್ದು ತಪ್ಪೆಂದು ಒಪ್ಪಿದಂತಾಗುತ್ತದೆ. ಜಾತಿ, ಮತ, ಊರಿನ ಕಟ್ಟಳೆ ಇವು ಪ್ರೀತಿಗಿಂತ ದೊಡ್ಡವಲ್ಲವೆಂದರೆ, ಒಬ್ಬ ಹೆಣ್ಣುಮಗಳ ಬಾಳು ಹಾಳಾದದ್ದು ಯಾವ ಪುರುಷಾರ್ಥಕ್ಕೆ? ಮೊದಲ ತ್ಯಾಗಕ್ಕೆ ಅರ್ಥವಿರಬೇಕಾದರೆ ಎರಡನೆಯ ತ್ಯಾಗವೂ ನಡೆಯಲೇಬೇಕು. ಮೇಷ್ಟರು ಬೆಟ್ಟದ ಮೇಲೆ ಕಾಪಾಡಲು ಹೊರಟದ್ದು ಶಿಷ್ಯನನ್ನೋ, ಧರ್ಮವನ್ನೋ ಎಂದು ಮೇಲುನೋಟಕ್ಕೆ ಕಾಣುತ್ತದೆ. ಅವರು ಕಾಪಾಡಿಕೊಳ್ಳಲು ಹೆಣಗಿದ್ದು ತಮ್ಮ ಹಳೆಯ ಮಾತನ್ನು. ‘ನನ್ನ ಮೇಷ್ಟರು ಹೇಳಿದ್ದು ಎಂದೂ ಸುಳ್ಳಾಗದು’ ಎಂಬ ಶಿಷ್ಯನ ನಂಬಿಕೆಯಲ್ಲಿಯೇ ಅವರ ಬದುಕೆಲ್ಲ ನಿಂತಿತ್ತು. ಅದು ಕುಸಿದರೆ ಮಗನೂ ಇಲ್ಲ, ಗುರುತನವೂ ಇಲ್ಲ.

ಇದನ್ನು ದುರುದ್ದೇಶವೆಂದು ಕರೆಯುವಂತಿಲ್ಲ. ಮೇಷ್ಟರು ಇದನ್ನು ಬಲ್ಲರೆಂದು ಹೇಳುವುದಕ್ಕೂ ಆಧಾರವಿಲ್ಲ. ಅನ್ಯರಿಂದ ಬಚ್ಚಿಟ್ಟ ಉದ್ದೇಶ ಬೇರೆ, ತನ್ನಿಂದಲೇ ಬಚ್ಚಿಟ್ಟುಕೊಂಡ ಉದ್ದೇಶ ಬೇರೆ. ಅಶ್ವಥ್ ಅವರ ಅಭಿನಯ ಎರಡನೆಯದಕ್ಕೆ ಹೊಂದುತ್ತದೆ. ಕಡೆಯ ದೃಶ್ಯಗಳಲ್ಲಿ ಅವರ ಮೇಷ್ಟರು ಬೇಡುತ್ತಾರೆ, ಗದರುತ್ತಾರೆ, ಹಟ ಹಿಡಿಯುತ್ತಾರೆ. ಗುರು ಶಿಷ್ಯನಾಗಿ, ಶಿಷ್ಯ ಗುರುವಾಗಿ ಅದಲುಬದಲಾದಂತೆ ಕಾಣುತ್ತದೆ. ಶಾಂತವಾಗಿ ನ್ಯಾಯ ಹೇಳಬೇಕಾದವರು ಮಗುವಿನಂತೆ ರಚ್ಚೆ ಹಿಡಿಯುತ್ತಾರೆ. ಆವೇಶದಲ್ಲಿ ರಾಮಾಚಾರಿ ತಳ್ಳಿದಾಗ ಅವರು ಬೆಟ್ಟದಿಂದ ಉರುಳುತ್ತಾರೆ. ಗುರುಹತ್ಯೆಯ ಭಾರ ತಾಳದೆ ಶಿಷ್ಯ ಮಾರ್ಗರೆಟ್ ಜೊತೆಗೆ ತಾನೂ ಹಾರುತ್ತಾನೆ.

ಚಿತ್ರ ಹೀಗೆ ಮೇಷ್ಟರಿಗೆ ಶಿಕ್ಷೆಯನ್ನೂ ವಿಧಿಸಿತು, ಅವರನ್ನು ಹುತಾತ್ಮರನ್ನಾಗಿಯೂ ಮಾಡಿತು. ಶಿಕ್ಷೆ ಕಥೆಯ ತರ್ಕದಿಂದ ಬಂದದ್ದು, ಹುತಾತ್ಮತೆ ನಟನ ಮುಖದಿಂದ ಬಂದದ್ದು. ಕಣ್ಣೀರಿನ ನಡುವೆ ಶಿಕ್ಷೆ ಜನರಿಗೆ ಕಾಣಲಿಲ್ಲ.

ಪುಟ್ಟಣ್ಣನವರ ಇತರ ಚಿತ್ರಗಳನ್ನು ಬಲ್ಲವರಿಗೆ ಇದು ಆಕಸ್ಮಿಕವೆನಿಸದು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ‘ಗೆಜ್ಜೆಪೂಜೆ’, ತ್ರಿವೇಣಿಯವರ ಕಾದಂಬರಿಯಿಂದ 1971ರಲ್ಲಿ ಬಂದ ‘ಶರಪಂಜರ’ ಇವೆರಡರಲ್ಲಿಯೂ ಹೆಣ್ಣಿನ ಬಾಳನ್ನು ಮುರಿಯುವವರು ಕತ್ತಿ ಹಿಡಿದ ಖಳರಲ್ಲ. ಮರ್ಯಾದಸ್ಥರು, ಅಕ್ಕಪಕ್ಕದವರು, ಮನೆಯವರು. ‘ನಾಗರಹಾವು’ ಚಿತ್ರದಲ್ಲಿ ಆ ಸ್ಥಾನಕ್ಕೆ ಇನ್ನಷ್ಟು ಪೂಜ್ಯನಾದ ವ್ಯಕ್ತಿ ಬಂದಿದ್ದಾನೆ. ಜಲೀಲನಿಂದ ಅಲಮೇಲುವಿಗೆ ಆದ ಕೆಡುಕು ಬೀದಿಯಲ್ಲಿ ನಿಂತ ಕೀಟಲೆಯಷ್ಟು. ಅವಳ ಬಾಳಿಗೆ ನಿಜವಾದ ಪೆಟ್ಟು ಬಿದ್ದದ್ದು ಒಳ್ಳೆಯವರೆಲ್ಲ ಸೇರಿ ಮಾಡಿದ ತೀರ್ಮಾನದಿಂದ. ಹೀಗಿದ್ದೂ ಹೊಡೆತ ತಿಂದವನು ಜಲೀಲ, ನಮಸ್ಕಾರ ಪಡೆದವರು ಮೇಷ್ಟರು.

ಮೂಲ ಲೇಖಕ ತ.ರಾ.ಸು. ಅವರಿಗೆ ಚಿತ್ರ ಸಮಾಧಾನ ತಂದಿರಲಿಲ್ಲವೆಂಬುದು, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ಬೇಸರಿಸಿದರೆಂಬುದು ಚಿತ್ರರಂಗದಲ್ಲಿ ಪ್ರಚಲಿತವಿರುವ ಮಾತು. ಕಾದಂಬರಿಯಲ್ಲಿ ಪಾತ್ರದ ಮನಸ್ಸಿನೊಳಗೆ ಇಳಿಯಲು ಲೇಖಕನಿಗೆ ಪುಟಗಳ ಮಿತಿಯಿಲ್ಲ. ಮೂರು ಕಾದಂಬರಿಗಳನ್ನು ಒಂದೇ ಪ್ರದರ್ಶನಕ್ಕೆ ಇಳಿಸಿದಾಗ ಆ ಒಳಗನ್ನೆಲ್ಲ ನಟನ ಮುಖವೇ ಹೊರಬೇಕಾಗುತ್ತದೆ. ಮುಖ ಅಷ್ಟು ಪ್ರಾಮಾಣಿಕವಾಗಿದ್ದರೆ ಒಳಗು ಕಾಣುವುದೇ ಇಲ್ಲ.

ಕಾಲದ ಮಾತನ್ನೂ ಆಡಬೇಕು. 1972ರ ಊರಿನ ಶಾಲಾ ಮಾಸ್ತರನೊಬ್ಬನನ್ನು ಇಂದಿನ ನಗರವಾಸಿಯ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲವೆಂಬ ಆಕ್ಷೇಪಣೆ ಬರುತ್ತದೆ. ಅದು ಒಪ್ಪತಕ್ಕದ್ದೇ. ಆದರೆ ಕಾನೂನು ಆಗಲೂ ಇತ್ತು. ಭಿನ್ನ ಧರ್ಮೀಯರು ಮತಾಂತರವಿಲ್ಲದೆ ಮದುವೆಯಾಗಲು ಅವಕಾಶ ನೀಡುವ ವಿಶೇಷ ವಿವಾಹ ಕಾಯ್ದೆ 1954ರಲ್ಲಿಯೇ ಬಂದಿತ್ತು. ಗಂಡಿಗೆ 21, ಹೆಣ್ಣಿಗೆ 18 ತುಂಬಿದ್ದು, 30 ದಿನಗಳ ನೋಟಿಸಿನ ಅವಧಿಯಲ್ಲಿ ಕಾನೂನುಬದ್ಧ ಆಕ್ಷೇಪಣೆ ಬರದಿದ್ದರೆ ವಿವಾಹಾಧಿಕಾರಿಯ ಮುಂದೆ ಸಹಿ ಹಾಕಿದರೆ ಸಾಕು. ಹಿಂದೂಗಳ ಒಳಗಿನ ಮದುವೆಗೆ ಜಾತಿ, ಒಳಪಂಗಡಗಳು ಅಡ್ಡಿಯಾಗದಂತೆ 1955ರ ಹಿಂದೂ ವಿವಾಹ ಕಾಯ್ದೆ ನೋಡಿಕೊಂಡಿತ್ತು. ಓದಿದ ಮನುಷ್ಯನಾದ ಮೇಷ್ಟರು ಇವನ್ನು ಬಲ್ಲವರೇ ಇರಬೇಕು. ಕಥೆ ಆ ದಾರಿಯನ್ನು ತುಳಿಯುವುದಿಲ್ಲ. ದುರಂತಕ್ಕೆ ಬೆಟ್ಟ ಬೇಕು, ರಿಜಿಸ್ಟ್ರಾರ್ ಕಚೇರಿ ಸಾಲದು. ಆದರೆ ಚಿತ್ರದ ಹೊರಗೆ, ನಿಜವಾದ ಊರುಗಳಲ್ಲಿ, ಆ ಕಚೇರಿಯ ಮೆಟ್ಟಿಲು ಹತ್ತಬೇಕೆಂದಿದ್ದ ಎಷ್ಟೋ ಜೋಡಿಗಳನ್ನು ಹಿಂದಕ್ಕೆ ಕರೆತಂದದ್ದು ದೊಣ್ಣೆ ಹಿಡಿದವರ ಬೆದರಿಕೆಯಲ್ಲ. ಬಾಲ್ಯದಿಂದ ಪ್ರೀತಿಸಿದ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, ಕೈಹಿಡಿದು ಆಡಿದ ಮಾತು. ಬೆದರಿಕೆಗೆ ಎದುರು ನಿಲ್ಲಬಹುದು, ದೂರು ಕೊಡಬಹುದು. ಆ ಮಾತಿಗೆ ಎದುರು ನಿಲ್ಲುವ ವಿದ್ಯೆಯನ್ನು ರಾಮಾಚಾರಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವರು ಮೇಷ್ಟರೇ ಆಗಿದ್ದರು.

ಅವರ ಪರವಾಗಿ ಹೇಳಬೇಕಾದ ಮಾತೂ ಒಂದಿದೆ. ಆ ಊರಿನಲ್ಲಿ ರಾಮಾಚಾರಿಯಲ್ಲಿ ಒಳ್ಳೆಯತನವಿದೆಯೆಂದು ನಂಬಿದ್ದವರು ಮೇಷ್ಟರು ಮತ್ತು ತುಂಗಮ್ಮ ಮಾತ್ರ. ಆ ನಂಬಿಕೆ ಇಲ್ಲದೆ ಹೋಗಿದ್ದರೆ ಅವನು ಜಲೀಲನ ಜೊತೆಗೇ ಬೀದಿಯಲ್ಲಿ ನಿಂತಿರುತ್ತಿದ್ದ. ಶಿಷ್ಯನಿಗೆ ಅವರು ಕೊಟ್ಟದ್ದು ದೊಡ್ಡದು. ಅದನ್ನು ಎರಡು ಬಾರಿ ಬಡ್ಡಿ ಸಮೇತ ವಾಪಸು ಕೇಳಿದ್ದೇ ಅನಾಹುತವಾಯಿತು.

ಆ ವರ್ಷದ ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅಶ್ವಥ್ ಅವರಿಗೆ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಸಂದಿತು. ಪ್ರಶಸ್ತಿಗಿಂತ ದೊಡ್ಡ ಪರಿಣಾಮ ಆದದ್ದು ಅವರ ಮುಂದಿನ ವೃತ್ತಿಜೀವನದ ಮೇಲೆ. ತಂದೆ, ಮಾವ, ಮೇಷ್ಟರು, ಊರ ಹಿರಿಯ ಇಂಥ ಸಾತ್ವಿಕ ಪಾತ್ರಗಳ ಸಾಲೇ ಅವರನ್ನು ಹುಡುಕಿಕೊಂಡು ಬಂತು. ಆ ಪಾತ್ರಗಳು ತಪ್ಪು ಮಾಡಬಹುದೆಂದು ಬರೆಯುವ ಧೈರ್ಯವನ್ನು ಮುಂದಿನ ಚಿತ್ರಕಥೆಗಾರರು ಹೆಚ್ಚಾಗಿ ತೋರಲಿಲ್ಲ. ರಾಮಾಚಾರಿಯ ಹೆಸರಿಗೆ ವಾರಸುದಾರರು ಹುಟ್ಟಿಕೊಂಡರು. 1991ರಲ್ಲಿ ರವಿಚಂದ್ರನ್ ಅವರ ‘ರಾಮಾಚಾರಿ’, 2014ರಲ್ಲಿ ಯಶ್ ಅಭಿನಯದ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಬಂದವು. ಮಾರ್ಗರೆಟ್ ನಗೆಹನಿಗಳಲ್ಲಿ ಉಳಿದಳು. 2018ರ ಜುಲೈನಲ್ಲಿ ‘ನಾಗರಹಾವು’ ಹೊಸ ಧ್ವನಿ, ಹೊಸ ಬಣ್ಣಗಳೊಡನೆ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ವಿಷ್ಣುವರ್ಧನ್, ಅಶ್ವಥ್ ಇಬ್ಬರೂ ಇರಲಿಲ್ಲ. 2009ರ ಡಿಸೆಂಬರ್ 30ರಂದು ಶಿಷ್ಯ ತೀರಿಕೊಂಡು ಮೂರು ವಾರ ತುಂಬುವ ಮೊದಲೇ ಗುರುವೂ ಹೊರಟುಹೋಗಿದ್ದರು.

ಚಿತ್ರವನ್ನು ಮತ್ತೆ ನೋಡುವವರು ಒಂದು ಪ್ರಯೋಗ ಮಾಡಬಹುದು. ಮೇಷ್ಟರು ಶಿಷ್ಯನನ್ನು ಒಪ್ಪಿಸುವ ದೃಶ್ಯ ಬಂದಾಗ ಅಶ್ವಥ್ ಅವರ ಮುಖದಿಂದ ಕಣ್ಣು ತೆಗೆದು, ಮಾತನ್ನು ಮಾತ್ರ ಕೇಳಿಸಿಕೊಳ್ಳಬೇಕು. ಕೇಳುತ್ತಿರುವವರು ಏನು ಕೇಳುತ್ತಿದ್ದಾರೆ, ಯಾರ ಪರವಾಗಿ ಕೇಳುತ್ತಿದ್ದಾರೆ, ಆ ಹೊತ್ತಿನಲ್ಲಿ ಅಲಮೇಲು ಎಲ್ಲಿದ್ದಾಳೆ ಎಂಬುದು ಆಗ ಸ್ಪಷ್ಟವಾಗಿ ಕೇಳಿಸುತ್ತದೆ. ಕಣ್ಣು ತೆಗೆಯುವುದೇ ಕಷ್ಟ.